ತಡಕ್ಕೆ ಕಾರಣ

ಮದುವೆಯಾಗಿ ಮರಾಠಿ ನಾಡಿಗೆ ಹೋದ ಹೊಸದರಲ್ಲಿ ನಾನು ಅಲ್ಲಿನ ಶಿವಾಜಿನಗರದ ಒಬ್ಬ ವಕೀಲರ ಹತ್ತಿರ ಟೈಪಿಸ್ಟ್ ಆಗಿದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕಾರ್ಮಿಕರ ಕೇಸು ನಡೆಸುತ್ತಿದ್ದ ಅವರು ಮರಾಠಿಯವರು; ನಾನು ವಿಜಾಪುರದವಳು. ನಮ್ಮ ಕಡೆಯ ಕೂಲಿಜನ ಬಂದರೆ ಮಾತನಾಡಿಸುವ ಕೆಲಸ ನನ್ನದು.

ಒಂದು ದಿನ ಯಾದಗಿರಿ ಕಡೆಯ ಹೆಣ್ಣುಮಗಳೊಬ್ಬಳು ಬಂದಳು. ಊರಂಚಿನ ಕೊಂಢವಾದಲ್ಲಿ ಇರುತ್ತಿದ್ದಳು. ಔಷಧಿ ಬಾಟಲಿಗೆ ಚೀಟಿ ಅಂಟಿಸುವ ಕಾರ್ಖಾನೆಯಲ್ಲಿ ಆರು ವರ್ಷ ದುಡಿದಿದ್ದಳು. ಮಗುವಿಗೆ ಜ್ವರವೆಂದು ನಾಲ್ಕು ದಿನ ಹೋಗದಿದ್ದದ್ದಕ್ಕೆ ಗೇಟಿನಲ್ಲೇ ತಡೆದು, ಇನ್ನು ಬರಬೇಡ ಅಂದಿದ್ದರಂತೆ. ಕೆಲಸ ವಾಪಸು ಸಿಕ್ಕರೆ ಸಾಕು ಅಂದಳು.

ವಕೀಲರು ತಾರೀಖು ಕೇಳಿ ಲೆಕ್ಕ ಹಾಕಿದರು. ಇಂಥ ದೂರು ತೊಂಬತ್ತು ದಿನದೊಳಗೆ ಲೇಬರ್ ಕೋರ್ಟಿಗೆ ಹೋಗಬೇಕು. ಇವಳು ಬಂದದ್ದು ನೂರಾ ನಲವತ್ತನೆಯ ದಿನ. ತಡ ಮನ್ನಿಸಿ ಎಂದು ಬೇರೆ ಅರ್ಜಿ ಹಾಕಬೇಕು, ಅದರಲ್ಲಿ ಕಾರಣ ಬರೆದು ಪ್ರಮಾಣ ಮಾಡಬೇಕು ಎಂದರು. ಇಷ್ಟು ದಿನ ಯಾಕೆ ಬರಲಿಲ್ಲವೆಂದು ನಾನು ಅವಳನ್ನು ಕೇಳಿದೆ.

"ಕೂಸು ಹೋತ್ರಿ ಅಕ್ಕಾ," ಅಂದಳು.

ಕೆಲಸ ಹೋಗಿ ಮೂರು ವಾರಕ್ಕೆ. ಎರಡು ವರ್ಷದ ಹೆಣ್ಣುಮಗು.

ನಾನು ಮರಾಠಿಯಲ್ಲಿ ಹೇಳಿದಾಗ ವಕೀಲರು ಕನ್ನಡಕ ತೆಗೆದಿಟ್ಟರು. ಆಮೇಲೆ, ಇದು ಗಟ್ಟಿ ಕಾರಣ, ಬರಿ ಅಂದರು. ಟೈಪ್ ಮಾಡಿ, ಕನ್ನಡದಲ್ಲಿ ಓದಿ ಹೇಳಿದೆ. ಅವಳ ಮುಖ ಬಿಗಿಯಿತು.

"ಅದನ್ನ ಅದ್ರಾಗ ಹಾಕಬ್ಯಾಡ್ರಿ. ನನಗ ಕೆಲಸ ಸಿಗಲಿ ಅಂತ ಸತ್ತಳೇನ್ರಿ ಆಕಿ?"

ಅದಿಲ್ಲದೆ ಅರ್ಜಿ ನಿಲ್ಲುವುದಿಲ್ಲ ಎಂದು ನಾನೇ ಒಪ್ಪಿಸಿದೆ. ಬಹಳ ಹೊತ್ತಾದ ಮೇಲೆ ಹೆಬ್ಬೆಟ್ಟು ಒತ್ತಿದಳು.

ಕೆಲವು ತಿಂಗಳಿಗೆ ಅರ್ಜಿ ವಿಚಾರಣೆಗೆ ಬಂತು. ಅವಳ ಮಾತು ತಿಳಿಸಲು ನಾನು ಪಕ್ಕದಲ್ಲಿ ನಿಂತೆ. ಕಾರ್ಖಾನೆಯ ವಕೀಲ ಮರಣದ ದಾಖಲೆ ನೋಡಿ, ಹದಿಮೂರು ದಿನದ ಕಾರ್ಯ ಮುಗಿದ ಮೇಲೂ ನೂರು ದಿನ ಏನು ಮಾಡುತ್ತಿದ್ದೆ ಎಂದು ಮರಾಠಿಯಲ್ಲಿ ಕೇಳಿದ. ನಾನು ಅದನ್ನು ಇದ್ದಂತೆ ಕನ್ನಡದಲ್ಲಿ ಹೇಳಿದೆ. ಅವಳು ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಅವಳ ಭಾಷೆಯಲ್ಲಿ ಆ ಪ್ರಶ್ನೆ ಕೇಳಿದವಳು ನಾನೇ.

"ಏನೂ ಮಾಡಿಲ್ಲಕ್ಕಾ. ಕೂತಿದ್ದೆ."

ಅದನ್ನೂ ಮರಾಠಿಗೆ ತಿರುಗಿಸಿದೆ. ಕೋರ್ಟು ಬರೆದುಕೊಂಡಿತು.

ನ್ಯಾಯಾಧೀಶರು ತಡ ಮನ್ನಿಸಿದರು. ಸಂತೋಷದಿಂದ ನಾನೇ ಕೊಂಢವಾಕ್ಕೆ ಹೋದೆ. ಅವಳು ಒಂದು ಕಟ್ಟಡದ ಕೆಲಸದಲ್ಲಿ ಉಸುಕು ಹೊರುತ್ತಿದ್ದಳು. ಬುಟ್ಟಿ ಇಳಿಸಿ, ನಾನು ಹೇಳಿದ್ದನ್ನೆಲ್ಲ ಕೇಳಿದಳು.

"ಮತ್ತ ಆಕೀದು ಕೇಳ್ತಾರೇನ್ರಿ?"

ಮೂಲ ದೂರಿನ ವಿಚಾರಣೆ ಇನ್ನು ಮೇಲೆ ನಡೆಯಬೇಕಿತ್ತು. ರಜೆ ಹಾಕಿದ್ದು ಯಾಕೆಂದು ಕೇಳದೆ ಬಿಡುವುದಿಲ್ಲ. ನನಗೆ ಸುಳ್ಳು ಹೇಳಲಾಗಲಿಲ್ಲ; ಕೇಳ್ತಾರೆ ಅಂದೆ.

"ಹಂಗಾದ್ರ ನಾ ಬರಂಗಿಲ್ರಿ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಬಿಸಿಲಾಗ್ಯದ, ನೀರು ಕುಡಿದು ಹೋಗ್ರಿ ಎಂದು ತಂಬಿಗೆ ಕೊಟ್ಟಳು.

ಮುಂದಿನ ಮೂರು ತಾರೀಖಿಗೂ ಅವಳು ಬರಲಿಲ್ಲ. ದೂರು ವಜಾ ಆಯಿತು. ದೂರುದಾರಳಿಗೆ ಕೇಸು ನಡೆಸುವ ಆಸಕ್ತಿ ಕಾಣುವುದಿಲ್ಲ ಎಂದು ಆದೇಶದಲ್ಲಿತ್ತು. ವಕೀಲರು ಅದನ್ನು ಓದಿ, ಫೈಲು ಕಟ್ಟಿಡಲು ನನಗೆ ಕೊಟ್ಟರು. ನಾನು ದಾರ ಸುತ್ತಿ ಗಂಟು ಹಾಕಿದೆ.

ಮರುವರ್ಷ ಮತ್ತೆ ಹುಡುಕಿ ಹೋದೆ. ಕಟ್ಟಡ ಮುಗಿದು ಜನ ವಾಸಕ್ಕೆ ಬಂದಿದ್ದರು. ಕೂಲಿಯವರ ಶೆಡ್ಡು ಕಿತ್ತು ಬಹಳ ದಿನವಾಯಿತು, ಎಲ್ಲಿ ಹೋದರೋ ಗೊತ್ತಿಲ್ಲ ಅಂದ ವಾಚ್‌ಮನ್.