ಪೈನ್ ಮರ ಮತ್ತು ದ್ವಿತೀಯಾ ವಿಭಕ್ತಿ

ಬೆಳಿಗ್ಗೆ ಕೊರಿಯರ್‌ನವನು ಬಾಗಿಲಲ್ಲಿ ಒಂದು ಮರದ ಪೆಟ್ಟಿಗೆ ಇಳಿಸಿ ಹೋದ. ಚಾಂದ್‌ಖೇಡಾದಲ್ಲಿ ಕೆಲಸದಲ್ಲಿರುವ ಮಗಳು ಕಳಿಸಿದ್ದು. ಒಳಗೆ ಊಟದ ಮೇಜಿಗೆ ಹಾಸುವ ಗಾಜು. ಗಾಜು ಹೇಗಿದೆಯೋ ಇನ್ನೂ ನೋಡಿಲ್ಲ. ಪೆಟ್ಟಿಗೆಯ ಹಲಗೆಗೆ ಮೂಗು ತಾಗಿಸಿಕೊಂಡು ನಿಂತಿದ್ದೇನೆ. ಹಸಿ ಪೈನ್ ಮರದ ವಾಸನೆ ನಿಮಗೂ ಗೊತ್ತಿರಬಹುದು, ಅರ್ಧ ಕರ್ಪೂರ, ಅರ್ಧ ಪೇಂಟಿನ ಅಂಗಡಿ. ನನಗೆ ಮಾತ್ರ ಅದು ವ್ಯಾಕರಣದ ವಾಸನೆ. ನಗಬೇಡಿ, ಹೇಳುತ್ತೇನೆ.

ನಮ್ಮ ಯಜಮಾನರು ಆಗ ಇಲ್ಲೇ, ಗುಜರಾತಿನ ಗೋರ್ವಾದ ಒಂದು ಸಣ್ಣ ಕಾರ್ಖಾನೆಯಲ್ಲಿ ಎಂಜಿನಿಯರ್. ಅಲ್ಲಿ ವಿಂಚ್ ತಯಾರಾಗುತ್ತಿತ್ತು. ಟ್ರ್ಯಾಕ್ಟರಿನ ಬೆನ್ನಿಗೆ ಕೂರಿಸಿ, ಉಕ್ಕಿನ ಹಗ್ಗ ಸುತ್ತಿ ಭಾರ ಎಳೆಯುವ ರಾಟೆ ಅದು. ಉತ್ತರದ ಬೆಟ್ಟಗಳ ಪೈನ್ ನೆಡುತೋಪುಗಳಲ್ಲಿ ಮರ ಒತ್ತಾಗಿ ಬೆಳೆದಾಗ ನಡುನಡುವೆ ಕೆಲವನ್ನು ಕಡಿದು ಉಳಿದವಕ್ಕೆ ಜಾಗ ಬಿಡಿಸುತ್ತಾರೆ. ನಮ್ಮ ತುಮಕೂರಿನ ಕಡೆ ರಾಗಿ ಪೈರಿಗೆ ಕುಂಟೆ ಹೊಡೆದು ತೆಳು ಮಾಡುವುದಿಲ್ಲವೆ, ಹಾಗೆ. ಕಡಿಯುವುದೇನೋ ಸುಲಭ, ನಿಂತ ಮರಗಳಿಗೆ ತಾಗದಂತೆ ದಿಮ್ಮಿಗಳನ್ನು ರಸ್ತೆಗೆ ತರುವುದೇ ಕಷ್ಟ. ಕೂಲಿಯವರು ಹೆಗಲ ಮೇಲೆ ಹೊತ್ತು ತರುತ್ತಿದ್ದರು. ಟ್ರ್ಯಾಕ್ಟರ್ ಅದಕ್ಕಿಂತ ಹೆಚ್ಚು ತರುತ್ತದೋ ಇಲ್ಲವೋ ನೋಡೇಬಿಡೋಣ ಎಂದು ಅಲ್ಲಿನ ಗುತ್ತಿಗೆದಾರ ಇವರನ್ನು ಕರೆಸಿಕೊಂಡಿದ್ದ.

ಹೊರಡುವ ಮುಂಚೆ ಮನೆಯಲ್ಲೇ ತಾಲೀಮು. ಊಟವಾದ ಮೇಲೆ ನಾನು ಒಂದೊಂದೇ ಲೋಟ ಒಳಗೆ ಒಯ್ದರೆ, "ನೋಡು, ಎಳೆಯೋದ್ರಲ್ಲಿ ಹೊತ್ತು ಹೋಗಲ್ಲ ಕಣೆ, ಬರಿಗೈಲಿ ವಾಪಸ್ ಬರೋದ್ರಲ್ಲಿ ಹೋಗುತ್ತೆ. ಸಣ್ಣ ದಿಮ್ಮಿಗಳ್ನ ಒಟ್ಟಿಗೆ ಕಟ್ಟಿ ಎಳೀಬೇಕು" ಎನ್ನುವರು. "ಹಾಗಾದ್ರೆ ನೀವೇ ಒಟ್ಟಿಗೆ ತಗೊಂಡ್ಹೋಗಿ" ಎಂದರೆ ಉತ್ಪಾದಕತೆಯ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಒಂದು ದಿನ ಮಾತ್ರ ತಮಾಷೆ ಅತಿಯಾಯಿತು. ಕುರ್ಚಿಗೆ ದಾರ ಕಟ್ಟಿ, ಎಳೆಯುವ ದಿಮ್ಮಿ ಯಾವುದಾದರೂ ಬುಡಕ್ಕೆ ಸಿಕ್ಕಿಕೊಂಡರೆ ಟ್ರ್ಯಾಕ್ಟರ್ ಹೇಗೆ ಮೂತಿ ಎತ್ತಿ ಹಿಂದಕ್ಕೆ ಮಗುಚುತ್ತದೆ ಎಂದು ತೋರಿಸಿದರು. ಆ ಕುರ್ಚಿ ಬಿದ್ದ ಸದ್ದು ಅವರು ಊರು ಬಿಟ್ಟ ಮೇಲೂ ನನ್ನ ಕಿವಿಯಲ್ಲೇ ಇತ್ತು.

ಇನ್ನು ಮಗಳ ಕನ್ನಡ. ಶಾಲೆಯಲ್ಲಿ ಇಂಗ್ಲಿಷ್, ಅಂಗಳದಲ್ಲಿ ಗುಜರಾತಿ, ಟೀವಿಯಲ್ಲಿ ಹಿಂದಿ. ಕನ್ನಡಕ್ಕೆ ನಾನೊಬ್ಬಳೇ ದಿಕ್ಕು. ನಾನೋ ಮದುವೆಗೆ ಮೊದಲು ಹೈಸ್ಕೂಲಿನಲ್ಲಿ ವ್ಯಾಕರಣ ಹೇಳಿದವಳು. ಹಿಂದಿಯ "ಪಾಪಾ ನೇ" ಅವಳ ಬಾಯಲ್ಲಿ "ಅಪ್ಪನ್ನ" ಆಗುತ್ತಿತ್ತು. "ಅಪ್ಪನ್ನ ಹಾಲು ತಂದ್ರು" ಎಂದರೆ ಅಪ್ಪ ಹಾಲು ತಂದರು ಎಂದು ತಿಳಿಯಬೇಕು. "ಅದು ದ್ವಿತೀಯಾ ವಿಭಕ್ತಿ ಕಣೇ. ಕೆಲಸ ಮಾಡಿದವರಿಗಲ್ಲ, ಮಾಡಿಸಿಕೊಂಡವರಿಗೆ" ಎಂದು ತಟ್ಟೆಯ ಮುಂದೆಯೂ ಬಿಡದೆ ತಿದ್ದುತ್ತಿದ್ದೆ. ಪಾಪ, ಹುಡುಗಿ ತುತ್ತು ನುಂಗುವುದೋ, ಪ್ರತ್ಯಯ ನುಂಗುವುದೋ!

ಅವರು ಬೆಟ್ಟಕ್ಕೆ ಹೋದ ಮೇಲೆ ಒಂದು ಸಂಜೆ ನಾನು ತರಕಾರಿ ತಂದು ಒಳಗೆ ಕಾಲಿಟ್ಟರೆ ಮಗಳು ನನ್ನ ಫೋನು ಹಿಡಿದು ನಿಂತಿದ್ದಳು.

"ಅಮ್ಮ, ಕಾಡಿಂದ ಯಾರೋ ಅಂಕಲ್ ಫೋನ್ ಮಾಡಿದ್ರು. ಅಪ್ಪನ್ನ ಎತ್ಕೊಂಡ್ ಬಂದ್ರಂತೆ, ರೋಡ್ ತನಕ. ಆಮೇಲೆ ಲೈನ್ ಕಟ್."

ಚೀಲ ಕೈಜಾರಿತು. ಕುರ್ಚಿ ಇನ್ನೊಮ್ಮೆ ಬಿದ್ದ ಹಾಗಾಯಿತು. ಅಷ್ಟು ವರ್ಷ ತಿದ್ದಿ ತಿದ್ದಿ ಸಾಕಾದವಳು ಆವತ್ತು ದೇವರಲ್ಲಿ ಬೇಡಿಕೊಂಡದ್ದು ಒಂದೇ, ಇವಳ ವ್ಯಾಕರಣ ತಪ್ಪಾಗಿರಲಪ್ಪಾ ಎಂದು. ಎಂದಿನಂತೆ ಅದು "ಪಾಪಾ ನೇ" ಆಗಿರಲಿ. ಅಪ್ಪ ಮರ ಎತ್ತಿಕೊಂಡು ಬಂದಿರಲಿ. ಅಪ್ಪನನ್ನು ಯಾರೂ ಎತ್ತದಿರಲಿ.

"ಅವ್ರು ಹೇಳಿದ್ದನ್ನ ಹಿಂದೀಲೇ ಹೇಳು" ಎಂದೆ. ಮನೆಯೊಳಗೆ ಹಿಂದಿ ಕೂಡದು ಎಂದು ಕಟ್ಟಳೆ ಮಾಡಿದವಳು ನಾನೇ.

"ಸಾಬ್ ಕೋ ಉಠಾಕರ್ ಲಾಯೇ" ಎಂದಳು. ನನ್ನ ಮುಖ ನೋಡಿ, ಮೆಲ್ಲಗೆ, "ಸರಿಯಾಗೇ ಹೇಳಿದ್ನಲ್ಲಮ್ಮ?"

ಸರಿಯಾಗೇ ಹೇಳಿದ್ದಳು. "ಕೋ" ಎಂದರೆ "ಅನ್ನು", ಎರಡು ಮಾತಿಲ್ಲ. ನಾನು ಚೆಲ್ಲಾಡಿದ ಬದನೆಕಾಯಿಗಳ ನಡುವೆ ನೆಲದ ಮೇಲೆ ಕುಳಿತುಬಿಟ್ಟೆ. ಬಂದ ನಂಬರಿಗೆ ಎಷ್ಟು ಸಲ ಒತ್ತಿದರೂ ಫೋನು ಹೋಗದು. ಮಗಳು ಪಕ್ಕದಲ್ಲಿ ಕೂತು, ತಾನೇನೋ ತಪ್ಪು ಹೇಳಿದೆ ಎಂದುಕೊಂಡು ಅಳತೊಡಗಿದಳು.

ಕೊನೆಗೆ ಫೋನು ತಾನಾಗಿಯೇ ಬಡಿದುಕೊಂಡಿತು. ಅವರದೇ ದನಿ.

"ನಿಮ್ಮನ್ನ ಎತ್ಕೊಂಡ್ ಬಂದ್ರಂತೆ?" ಎಂದೆ.

"ಹೂಂ ಕಣೇ, ಹೆಗಲ ಮೇಲೆ! ಬೇಡ ಬೇಡ ಅಂದ್ರೂ ಕೇಳ್ಲಿಲ್ಲ. ಕಟ್ಟು ಕಟ್ಟಿ ಎಳೆದ್ವಲ್ಲ, ಸಾಯಂಕಾಲಕ್ಕೆ ರಸ್ತೆ ಪಕ್ಕ ದಿಮ್ಮಿ ರಾಶಿ ನನ್ನ ತಲೆಗಿಂತ ಎತ್ತರ ಆಯ್ತು! ಇನ್ಮೇಲೆ ಈ ಕೂಲಿಯವ್ರು ಹೊರಬೇಕಾಗಿಲ್ಲ, ಹಗ್ಗ ಬಿಗಿಯೋದಷ್ಟೇ ಕೆಲಸ. ಆ ಖುಷೀಲಿ, ಇದೇ ಕೊನೇ ಹೊರೆ ಅಂತ ನನ್ನೇ ಹೊತ್ರು."

ನಾನು ಅತ್ತೆ, ನಕ್ಕೆ, ಬೈದೆ ಕೂಡ. ಹೋದ ಜೀವ ಬಂದ ಹಾಗಾಯಿತು ಎನ್ನುತ್ತಾರಲ್ಲ, ನನಗೆ ಅದು ಬಂದು ಕೂತ ಜಾಗವೂ ಗೊತ್ತಾಯಿತು. ಆಮೇಲೆ ಅವರು ಒಂದು ಎಳೆತಕ್ಕೆ ಎಷ್ಟು ದಿಮ್ಮಿ, ಹಗ್ಗ ಎಷ್ಟು ದೂರ ಎಂದು ಶುರುಮಾಡಿದರು. ಜೀವಮಾನದಲ್ಲಿ ಮೊದಲ ಸಲ ಅಷ್ಟನ್ನೂ ಕೇಳಿಸಿಕೊಂಡೆ. ಅವರು ಮನೆಗೆ ಬಂದಾಗ ಬಟ್ಟೆಗೆಲ್ಲ ಇದೇ ಪೈನ್ ವಾಸನೆ.

ಈಗ ಪೆಟ್ಟಿಗೆಯ ಮುಂದೆ ನಿಂತಿರುವಾಗಲೇ ಮಗಳ ಫೋನು. ನನ್ನ ತಿದ್ದುಪಡಿಗೆ ಹೆದರಿ ಅವಳು ಆ "ಅನ್ನು" ಪ್ರತ್ಯಯದ ಸಹವಾಸವನ್ನೇ ಬಿಟ್ಟು ಬಹಳ ಕಾಲವಾಯಿತು.

"ಗ್ಲಾಸ್ ಬಂತಾಮ್ಮ? ಶನಿವಾರ ಬರ್ತೀನಿ. ತುಂಬ ದಿನ ಆಯ್ತು, ಅಪ್ಪ ನೋಡ್ಬೇಕು."

ಹಿಂದಿನ ನಾನಾಗಿದ್ದರೆ, ಅಪ್ಪ ಏನನ್ನು ನೋಡಬೇಕೇ ಎಂದು ಕೇಳುತ್ತಿದ್ದೆ. ಒಳಗೆ ಯಜಮಾನರು ಪೆಟ್ಟಿಗೆ ಬಿಚ್ಚಲು ಸುತ್ತಿಗೆ ಹುಡುಕುತ್ತ, ಅದನ್ನು ಎಲ್ಲಿಟ್ಟೆ ಎಂದು ನನ್ನ ಮೇಲೇ ರೇಗುತ್ತ, ತಮ್ಮ ಕಾಲ ಮೇಲೆ ತಾವು ಓಡಾಡುತ್ತಿದ್ದರು.

"ಬಾ ಮಗಳೇ" ಎಂದೆ. "ಅಪ್ಪ ನೋಡು ಬಾ."