ಬಾಯಿ ತೆರೆದವರಿಗೆ ಬುದ್ಧಿಮಾತು
ಹಲ್ಲಿನ ಡಾಕ್ಟರು ದೊಡ್ಡ ದೈವಭಕ್ತರೇ, ಆದರೆ ದೇವರ ಹೆಸರಿನಲ್ಲಿ ಹಲ್ಲು ಮಸೆಯುವವರನ್ನು ಕಂಡರೆ ಅವರಿಗಾಗದು. ತಮ್ಮದೇ ಮತದ ಅಂಥ ಬೆಂಕಿಚೆಂಡುಗಳು ಹಲ್ಲುನೋವೆಂದು ಬಂದಾಗ ಮಾತ್ರ ಅವರ ಮುಖ ಊರಗಲವಾಗುತ್ತದೆ. ಕುರ್ಚಿ ಬಾಗಿಸಿ, ಬಾಯಿಗೆ ಹತ್ತಿ ತುರುಕಿ, "ಈಗ ಹೇಳಿ, ದೇವರು ನಿಮ್ಮೊಬ್ಬರ ಕಿವೀಲೇ ಮಾತಾಡ್ತಾನಾ?" ಎಂದು ಶುರುಮಾಡುತ್ತಾರೆ. ರೋಗಿ "ಆಂ, ಊಂ" ಎಂದರೆ, "ಒಪ್ಪಿದ್ರಲ್ಲ, ಸಂತೋಷ" ಎಂದು ಮುಂದಿನ ಹಲ್ಲಿಗೆ ಹೋಗುತ್ತಾರೆ. ಒಂದು ಹುಳುಕು ತುಂಬುವಷ್ಟರಲ್ಲಿ ಕರುಣೆಯ ಪಾಠ ಮುಗಿಯುತ್ತದೆ. ಹಲ್ಲು ಕೀಳುವುದಿದ್ದರಂತೂ ಇಡೀ ಧರ್ಮಗ್ರಂಥವೇ ಆಗಿಹೋಗುತ್ತದೆ. ಹೀಗೆ ನೂರಾರು ಜನರನ್ನು ತಿದ್ದಿದ್ದೇನೆಂದು ಅವರ ನಂಬಿಕೆ. ಬಾಯಿ ಮುಕ್ಕಳಿಸಿ ಎದ್ದವರು ಮೆಟ್ಟಿಲಿಳಿಯುವಾಗಲೇ ಹಳೇ ರಾಗ ಎಳೆಯುತ್ತಾರೆಂದು ನರ್ಸಮ್ಮನ ವರದಿ. ಮೊನ್ನೆ ಡಾಕ್ಟರ ಸ್ವಂತ ತಮ್ಮನೇ ಬಂದ. ಅಣ್ಣ ಧರ್ಮಗೆಟ್ಟವನೆಂದು ಜಗಳವಾಡಿ ಮನೆ ಬಿಟ್ಟಿದ್ದವನು ಆರು ವರ್ಷದ ಮೇಲೆ, ಊದಿದ ಕೆನ್ನೆ ಹಿಡಿದುಕೊಂಡು ಬಂದು, ಕಣ್ಣು ಮುಚ್ಚಿ ಬಾಯಿ ತೆರೆದ. ಡಾಕ್ಟರು ತುಟಿಪಿಟಕ್ಕೆನ್ನದೆ ಹಲ್ಲು ಕಿತ್ತರು. "ಯಾಕಣ್ಣ, ನನಗೇನೂ ಹೇಳಲ್ವಾ?" ಎಂದು ತಮ್ಮ ಜೋಮು ಹಿಡಿದ ಬಾಯಲ್ಲೇ ತೊದಲಿದ. ಡಾಕ್ಟರು ಕೈಗವಸು ಕಳಚಿ, ಸ್ಟೂಲು ಎಳೆದುಕೊಂಡು ಕೂತರು. "ನೀನು ಹೇಳಪ್ಪ, ನಿಧಾನಕ್ಕೆ. ಆವತ್ತು ನಿನ್ನ ಮಾತು ನಾನು ಪೂರ್ತಿ ಕೇಳಲೇ ಇಲ್ಲ." ಏಳಲು ಹೊರಟಿದ್ದ ತಮ್ಮ ಮತ್ತೆ ಕುರ್ಚಿಗೆ ಒರಗಿದ.