ಸೆಕೆಂಡ್ ಶಿಫ್ಟಿನ ತಾತ

ನರ್ಸಿಂಗ್‌ನಲ್ಲಿ ಎಂ.ಎಸ್ಸಿ. ಮಾಡುತ್ತಿದ್ದಾಗ ನನಗಿದ್ದ ಜಂಬವನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಶಿವಮೊಗ್ಗದ ಸವಳಂಗ ರಸ್ತೆಯ ನಮ್ಮ ಮನೆಯಲ್ಲಿ ಮಿಕ್ಸಿ, ಫೋನು ಬಿಟ್ಟರೆ ಬೇರೆ ಯಂತ್ರವಿಲ್ಲ. ನನ್ನ ಸಂಶೋಧನೆ ಮಾತ್ರ ಕೃತಕ ಬುದ್ಧಿಯ ಮೇಲೆ! ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರೊಬ್ಬರು ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದರು. ವಯಸ್ಸಾದವರ ಊಟ, ನಿದ್ದೆ, ಓಡಾಟದ ವಿವರವನ್ನು ಅದಕ್ಕೆ ಉಣಿಸಿದರೆ ಯಾರಿಗೆ ಆರೈಕೆ ಬೇಕೆಂದು ಅದೇ ಹೇಳಬೇಕು. ವಿವರ ತರುವ ಕೆಲಸ ನನ್ನದು. ವಾರಕ್ಕೊಮ್ಮೆ ಬಸ್ ಹತ್ತಿ ಭದ್ರಾವತಿಯ ನ್ಯೂ ಟೌನ್‌ಗೆ ಹೋಗಿ, ಕಾರ್ಖಾನೆಯಿಂದ ನಿವೃತ್ತರಾದವರ ಮನೆ ಬಾಗಿಲು ತಟ್ಟುತ್ತಿದ್ದೆ.

ಅವರಲ್ಲೊಬ್ಬರು ಕ್ರೇನ್ ನಡೆಸುತ್ತಿದ್ದ ತಾತ. ಸ್ಕೂಲ್ ಟೀಚರ್ ಆಗಿದ್ದ ಮಗಳ ಜೊತೆಗಿದ್ದರು. ಕೃತಕ ಬುದ್ಧಿ ಎಂದರೇನೆಂದು ಅವರಿಗೆ ಕಷ್ಟಪಟ್ಟು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, “ಗೊತ್ತಾಯ್ತು ಬಿಡಿ ಸಿಸ್ಟರ್. ನನ್ನ ಹಲ್ಲಿನ ಸೆಟ್ ಇದ್ದಂಗೆ. ಕಚ್ಚತ್ತೆ, ರುಚಿ ಗೊತ್ತಾಗಲ್ಲ,” ಎಂದರು. ನಾನದನ್ನು ಬರೆದುಕೊಳ್ಳಲಿಲ್ಲ. ಫಾರಂನಲ್ಲಿ ಜಾಗವಿರಲಿಲ್ಲ.

ಮೊದಲ ವಾರ ಅವರು ಏಳುವುದು ಬೆಳಗಿನ ನಾಲ್ಕೂವರೆಗೆ, ಊಟ ಮಧ್ಯಾಹ್ನ ಮೂರಕ್ಕೆ, ಮಲಗುವುದು ರಾತ್ರಿ ಎಂಟಕ್ಕೆ ಎಂದರು. ಎರಡನೇ ವಾರ ಏಳುವುದು ಎಂಟಕ್ಕೆ, ಊಟ ಹನ್ನೆರಡಕ್ಕೆ, ಮಲಗುವುದು ಹನ್ನೊಂದರ ಮೇಲೆ. ಮೂರನೇ ವಾರ ಮತ್ತೆ ನಾಲ್ಕೂವರೆ. ಚೂರೂ ತಡವರಿಸದೆ ಹೇಳುತ್ತಿದ್ದರು. ಉಳಿದವರ ವಿಷಯದಲ್ಲಿ ಸಪ್ಪಗಿದ್ದ ಕಂಪ್ಯೂಟರ್ ಆ ಶನಿವಾರ ತಾತನ ವಿಷಯಕ್ಕೆ ಕೆಂಪು ಅಕ್ಷರ ತೋರಿಸಿತು: ಹೊತ್ತಿನ ಪರಿವೆ ತಪ್ಪುತ್ತಿರಬಹುದು, ಒಬ್ಬರನ್ನೇ ಹೊರಗೆ ಬಿಡಬೇಡಿ.

ನನಗೆ ಸಿಕ್ಕ ಮೊದಲ ಬೇಟೆ! ಗೈಡ್‌ಗೂ ಹೇಳದೆ ಅಂದೇ ಸಂಜೆ ಓಡಿ ಹೋಗಿ ಮಗಳಿಗೆ ಸುದ್ದಿ ಮುಟ್ಟಿಸಿದೆ. ಪಾಪ, ಹೆದರಿ ಅತ್ತುಬಿಟ್ಟರು.

“ಓಲ್ಡ್ ಟೌನಿಗೆ ಇಸ್ಪೀಟಾಡಕ್ಕೆ ಹೋಗ್ತಾರೆ ಸಿಸ್ಟರ್, ಒಂದೊಂದ್ ವಾರ ಒಂದೊಂದ್ ಹೊತ್ತಿಗೆ. ಎರಡು ವರ್ಷದಿಂದ ಬೈತಾನೇ ಇದೀನಿ. ಇದು ಕಾಯಿಲೆ ಅಂತ ಹೊಳೀಲೇ ಇಲ್ಲ.”

ತಾತನ ಸೈಕಲ್‌ಗೆ ಬೀಗ ಬಿತ್ತು. ಹೊಸಿಲು ದಾಟಿದರೆ ನನ್ನ ಮೇಲಾಣೆ ಎಂದು ಮಗಳು ಹೇಳಿದರು. ತಾತ ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋದರು.

ಸೋಮವಾರ ಮಧ್ಯಾಹ್ನ ಮತ್ತೆ ಹೋದೆ. ತಾತ ಇಸ್ತ್ರಿ ಅಂಗಿ ತೊಟ್ಟು, ಚಪ್ಪಲಿ ಮೆಟ್ಟಿಕೊಂಡೇ ವರಾಂಡದಲ್ಲಿ ಕೂತಿದ್ದರು. ಊಟ ಮುಟ್ಟಿರಲಿಲ್ಲ.

“ಈ ವಾರ ನಂದು ಸೆಕೆಂಡ್ ಶಿಫ್ಟು ಸಿಸ್ಟರ್. ಎರಡು ಗಂಟೆಗೆ ಅಲ್ಲಿರಬೇಕಿತ್ತು.”

ನಿವೃತ್ತರಾಗಿ ಹತ್ತು ವರ್ಷವಾದವರಿಗೆ ಎಲ್ಲಿಯ ಶಿಫ್ಟು? ಕ್ಲಾಸಿನಲ್ಲಿ ಕಲಿಸಿದ್ದ ಮೆತ್ತನೆಯ ದನಿಯಲ್ಲಿ, “ಯಾವ ಶಿಫ್ಟು ತಾತಾ?” ಎಂದೆ.

“ಹಂಗ್ ಮಾತಾಡ್ಬೇಡಿ ಮಾರಾಯ್ತಿ, ನನ್ನ ತಲೆ ನೆಟ್ಟಗೇ ಇದೆ,” ಎಂದು ಗದರಿದರು.

ಆಮೇಲೆ ಎಲ್ಲ ಹೇಳಿದರು. ಅವರ ಜೊತೆ ಕೆಲಸ ಮಾಡಿದ್ದ ಗೆಳೆಯರೊಬ್ಬರು ಲಕ್ವ ಹೊಡೆದು ಎರಡು ವರ್ಷದಿಂದ ಓಲ್ಡ್ ಟೌನ್‌ನ ಮನೆಯಲ್ಲಿ ಮಲಗಿದ್ದರು. ರಾತ್ರಿ ಹೆಂಡತಿ ನೋಡಿಕೊಳ್ಳುತ್ತಿದ್ದರು. ಹಗಲು ಆಕೆ ಹೂ ಮಾರಬೇಕು, ಒಂದಿಷ್ಟು ನಿದ್ದೆಯನ್ನೂ ಮಾಡಬೇಕು. ಅದಕ್ಕೆ ಬೆಳಿಗ್ಗೆ ಆರರಿಂದ ಎರಡು, ಎರಡರಿಂದ ಹತ್ತು ಎಂದು ತಾತ ಮತ್ತು ಇನ್ನೊಬ್ಬ ಹಳೆಯ ಜೊತೆಗಾರ ಶಿಫ್ಟ್ ಹಾಕಿಕೊಂಡು, ವಾರಕ್ಕೊಮ್ಮೆ ಅದಲುಬದಲಾಗುತ್ತಿದ್ದರು. ಗಂಜಿ ಕುಡಿಸುವುದು, ಎತ್ತಿ ಕೂರಿಸುವುದು, ಮಗ್ಗುಲು ಬದಲಿಸುವುದು. ತಾತನಿಗೆ ಸೊಂಟ ನೋವು. ಭಾರ ಎತ್ತಕೂಡದೆಂದು ಡಾಕ್ಟರು ಹೇಳಿದ್ದರು. ಮಗಳಿಗೆ ತಿಳಿದರೆ ಬಿಡುವುದಿಲ್ಲವೆಂದು ಇಸ್ಪೀಟಿನ ಸುಳ್ಳು. ಒಂದು ಎಲೆಯನ್ನೂ ಮುಟ್ಟದೆ ಎರಡು ವರ್ಷ ಜೂಜುಕೋರನೆಂದು ಬೈಸಿಕೊಂಡಿದ್ದರು.

“ನಿನ್ನೆ ನನ್ ಜೊತೆಗಾರನೇ ಡಬಲ್ ಶಿಫ್ಟ್ ಮಾಡಿದಾನೆ, ಇವತ್ತೂ ಅವನೇ. ರಿಲೀವರ್ ಬರ್ದೆ ಜಾಗ ಬಿಡೋ ಹಂಗಿಲ್ಲ. ಅವನ್ಗೂ ಎಪ್ಪತ್ತಾಯ್ತು ಸಿಸ್ಟರ್.”

“ಮೊದ್ಲೇ ಹೇಳ್ಬಾರ್ದಿತ್ತಾ?”

“ಗಂಟೆ ಕೇಳಿದ್ರಿ, ಗಂಟೆ ಹೇಳ್ದೆ. ನಿಮ್ಮನ್ನ ಯಾರು ನೋಡ್ಕೊತಾರೆ ಅಂದ್ರಿ, ಮಗಳು ಅಂದೆ. ನೀವ್ ಯಾರನ್ನ ನೋಡ್ಕೊತೀರಿ ಅಂತ ಕೇಳಿದ್ರಾ?”

ಕೇಳಿರಲಿಲ್ಲ. ಆ ಪ್ರಶ್ನೆ ನಮಗ್ಯಾರಿಗೂ ಹೊಳೆದಿರಲಿಲ್ಲ.

ಮಗಳು ಸ್ಕೂಲಿನಿಂದ ಬಂದ ಕೂಡಲೇ ತಪ್ಪೊಪ್ಪಿಕೊಂಡೆ. ಆಕೆ ಮೊದಲು ಸೊಂಟದ ವಿಷಯಕ್ಕೆ ಅಪ್ಪನ ಮೇಲೆ ಹರಿಹಾಯ್ದರು, ಆಮೇಲೆ ನನ್ನ ಮೇಲೆ. ಕೊನೆಗೆ, “ಇಷ್ಟು ದಿನ ಏನೇನೋ ಅಂದ್ಬಿಟ್ನಲ್ಲಪ್ಪಾ,” ಎಂದು ಅಳುತ್ತ ಬೀಗದ ಕೈ ಕೊಟ್ಟರು. ತಾತ ಸೈಕಲ್ ಹತ್ತಿದರು, ನಾನು ಹಿಂದೆ ಆಟೋದಲ್ಲಿ ಹೋದೆ.

ಆ ಮನೆಯಲ್ಲಿ ಜೊತೆಗಾರ ಮಂಡಿ ಹಿಡಿದುಕೊಂಡು ಎದ್ದವರು, ಎರಡು ದಿನ ಎಲ್ಲಿದ್ದೆ ಎಂದೂ ಕೇಳಲಿಲ್ಲ. “ಗಂಜಿ ಆಗಿದೆ. ಎಡ ಮಗ್ಗುಲಿಗೆ ತಿರುಗಿಸಿ ಒಂದು ಗಂಟೆ ಆಯ್ತು,” ಎಂದು ಡ್ಯೂಟಿ ಒಪ್ಪಿಸಿದರು. ನಾನು ಅಭ್ಯಾಸಬಲದಿಂದ ರೋಗಿಯ ಅಂಗಿ ಸರಿಸಿ ಬೆನ್ನು ನೋಡಿದೆ. ಎರಡು ವರ್ಷ ಹಾಸಿಗೆ ಹಿಡಿದವರ ಬೆನ್ನಿನಲ್ಲಿ ಒಂದೇ ಒಂದು ಹುಣ್ಣಿರಲಿಲ್ಲ. ನಾಚಿಕೆಗೋ ಸಂತೋಷಕ್ಕೋ, ಅಳು ಬಂತು.

“ಅಳೋದ್ ಆಮೇಲಿರ್ಲಿ,” ಎಂದರು ತಾತ. “ನಿಮ್ಮಿಂದ ಇವನು ಎರಡು ದಿನ ಡಬಲ್ ಮಾಡಿದಾನೆ. ನಾಳೆ ಇವನಿಗೆ ರೆಸ್ಟು. ಫಸ್ಟ್ ಶಿಫ್ಟ್ ನಿಮ್ದು.”

ಮರುದಿನ ಶಿವಮೊಗ್ಗದಿಂದ ಮೊದಲ ಬಸ್ ಹಿಡಿದರೂ ಹತ್ತು ನಿಮಿಷ ತಡವಾಯಿತು. ಹೆಂಡತಿ ಹೂವಿನ ಬುಟ್ಟಿ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದರು. ಒಳಗೆ, ಮಾತು ಬಿದ್ದುಹೋಗಿದ್ದ ಆ ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಅಲ್ಲಾಡುವ ಒಂದೇ ಕೈಯನ್ನು ಎತ್ತಿ ಗೋಡೆ ಗಡಿಯಾರದತ್ತ ತೋರಿಸಿದರು. ತಪ್ಪಾಯಿತೆಂದು ಕೈಮುಗಿದು, ಸೆರಗು ಸಿಕ್ಕಿಸಿಕೊಂಡು, ಮಗ್ಗುಲು ಬದಲಿಸಲು ಬಗ್ಗಿದೆ.